ಆರಡಿ ಮನುಷ್ಯನ ಮೊಳ

ಕಳೆದ ಸೋಮವಾರ ನಾನು ಹೊನ್ನಾವರದ ಮಲ್ಲಿಗೆ ಮಾರ್ಕೆಟ್ಟನ್ನು ಹಾಳು ಮಾಡಿದೆ. ಬರೀ ಹತ್ತು ನಿಮಿಷದಲ್ಲಿ. ಬರೀ ಮೊಣಕೈಯಿಂದ.

ಆದದ್ದಿಷ್ಟು. ಬಸ್ ಸ್ಟ್ಯಾಂಡ್ ಹತ್ತಿರ ಹೂ ಮಾರುವ ಗಿರಿಜಕ್ಕ, ಭಟ್ಕಳದ ಬಸ್ಸಿನಲ್ಲಿ ಬಂದ ಮಲ್ಲಿಗೆ ಕಟ್ಟು ಇಳಿಸಿಕೊಳ್ಳಲು ಹೊರಟವಳು, "ಸರ್, ಒಂಚೂರು ಬುಟ್ಟಿ ನೋಡ್ಕಣಿ. ಯಾರಾರೂ ಬಂದ್ರೆ ಮೊಳ ಹಾಕಿ ಕೊಡಿ" ಅಂದಳು.

ಕೊಟ್ಟೆ. ಮೊಳ ಅಂದರೆ ಮೊಣಕೈಯಿಂದ ನಡುಬೆರಳ ತುದಿವರೆಗೆ. ಯಾರ ಮೊಣಕೈ? ಅದನ್ನು ಯಾರೂ ಹೇಳಿಲ್ಲ. ಗಿರಿಜಕ್ಕ ನನ್ನ ಎದೆಮಟ್ಟಕ್ಕೆ ಬರುತ್ತಾಳೆ. ನಾನು ಆರಡಿ ಮೇಲೆ ಎರಡಿಂಚು (ಮನೆಯಲ್ಲಿ ಜೇಡರ ಬಲೆ ತೆಗೆಯಲಷ್ಟೇ ಉಪಯೋಗ).

ಮೊದಲ ಗಿರಾಕಿ ಕಣ್ಣರಳಿಸಿದಳು. ಎರಡನೆಯವಳು ಫೋನ್ ಮಾಡಿ ತಂಗಿಯನ್ನು ಕರೆಸಿದಳು. ಹೂ ಬೇಡದವರೂ ಬಂದರು! ಗಿರಿಜಕ್ಕ ವಾಪಸ್ ಬರುವಷ್ಟರಲ್ಲಿ ಬುಟ್ಟಿಯಲ್ಲಿ ಬಾಳೆಲೆ ಮಾತ್ರ.

"ನೋಡು, ಎಂಥ ಎಫಿಶಿಯೆನ್ಸಿ!" ಅಂದೆ.

"ಎಂತ ಮಾಡಿದ್ರಿ ಮಾರಾಯ್ರೆ! ಅಷ್ಟೂ ಹೂ ಹೋತು, ಅಸಲೂ ಹುಟ್ಲಿಲ್ಲ" ಎಂದು ತಲೆಗೆ ಕೈ ಹೊತ್ತು ಕೂತಳು.

ಮರುದಿನ ಅವಳ ಖಾಯಂ ಗಿರಾಕಿಗಳೇ, "ನಿನ್ ಮೊಳ ಬೇಡ, ಆ ಸರ್ ಮೊಳ ಹಾಕು" ಅಂದರಂತೆ. ಎದುರು ಹೂವಿನಂಗಡಿಯವ ಸುಮ್ಮನಿರುತ್ತಾನೆಯೇ? ವಾಲಿಬಾಲ್ ಆಡುವ ಭಾವನನ್ನು ತಂದು ಕೂರಿಸಿದ. ರೇಟು ಅದೇ, ಕೈ ಬೇರೆ. ಗಿರಾಕಿಗಳೆಲ್ಲ ರಸ್ತೆ ದಾಟಿದರು.

ನಾನು ಬಿಎಯಲ್ಲಿ ಅರ್ಥಶಾಸ್ತ್ರ ಓದಿದವನು (ಪಾಸೂ ಆಗಿದ್ದೇನೆ). ಸಮಾನತೆ ತರೋಣ ಅಂತ ಗಿರಿಜಕ್ಕನಿಗೆ ಐಡಿಯಾ ಕೊಟ್ಟೆ: ಅವರವರ ಹೂವನ್ನು ಅವರವರ ಕೈಯಲ್ಲೇ ಅಳೆದುಕೊಳ್ಳಲಿ. ಸರಿ, ಹೆಂಗಸರು ಮನೆಯ ಅತಿ ಎತ್ತರದ ಗಂಡಸನ್ನು ಕರೆದುಕೊಂಡು ಬಂದರು. ಗಂಡ ಗಿಡ್ಡ ಇದ್ದವಳೊಬ್ಬಳು ಪಕ್ಕದ ಮನೆಯವನನ್ನು ಕೇಳಿ ತಂದಿದ್ದಳು!

ಗಿರಿಜಕ್ಕ ನನ್ನ ಐಡಿಯಾವನ್ನು ಗಟಾರಕ್ಕೆಸೆದು ತನ್ನ ಮೊಳಕ್ಕೇ ಮರಳಿದಳು. ಈಗಲೂ ಮೊಗ್ಗಿಗೆ ಮೊಗ್ಗು ತಾಗಿಸಿ ದಟ್ಟವಾಗಿ ಕಟ್ಟುತ್ತಾಳೆ. ಸಂಜೆ, ಬಾಡಿದ ಹೂವನ್ನು ಮನೆಗೆ ಒಯ್ಯುತ್ತಾಳೆ.

ನಿನ್ನೆ ನನ್ನ ಹೆಂಡತಿಯೇ ಎದುರು ಅಂಗಡಿಯ ಮಾಲೆ ತಂದಳು. ಉದ್ದವೋ ಉದ್ದ. ಇಲ್ಲೊಂದು ಮೊಗ್ಗು, ಅಲ್ಲೊಂದು ಮೊಗ್ಗು, ನಡುವೆ ಬರೀ ಬಾಳೆನಾರು.

"ಗಿರಿಜಕ್ಕನ ಗಿಡ್ಡ ಮೊಳದಲ್ಲೇ ಇದಕ್ಕಿಂತ ಹೆಚ್ಚು ಹೂ ಇರ್ತದಲ್ಲೇ!"

"ಇರ್ಲಿ ಬಿಡಿ, ಎಂತ ಆತು? ಇದು ತಲೆಗೆ ಎರಡು ಸುತ್ತು ಬತ್ತದೆ" ಅಂದಳು.

ಊರಿಗೆ ಬೇಕಾದದ್ದು ಹೂವಲ್ಲ, ನಾರು ಎಂದು ಗಿರಿಜಕ್ಕನಿಗೆ ನಾನು ಯಾವ ಬಾಯಲ್ಲಿ ಹೇಳಲಿ?