ಕಾರಿನ ಕ್ಯಾಮೆರಾಕ್ಕ ಕಿವಿನೂ ಇತ್ತು

ಮೊಮ್ಮಗಳ ಮದುವಿ ಸೀರಿ ತರಾಕ ಗುಳೇದಗುಡ್ಡದಿಂದ ಇಳಕಲ್ಲಿಗೆ ನಾವು ನಾಕು ಮಂದಿ ಹೆಂಗಸರು ಬಾಡಿಗಿ ಕಾರಿನಾಗ ಹೊಂಟಿದ್ವಿ. ಸೀದಾ ಬಾಯಿಲೆ ಹೇಳಬಾರದ ಗಂಡನ ಹೆಸರನ್ನ ಒಡಪಿನ ಸಾಲಿನ್ಯಾಗ ಕಟ್ಟಿ ಹೇಳಿಕೋತ ಬಿದ್ದು ಬಿದ್ದು ನಗಾಕತ್ತಿದ್ವಿ. ಹುನಗುಂದದ ಹತ್ತರ ಅಡ್ಡದಾರಿಯಿಂದ ಒಂದು ಬೈಕು ಸೀದಾ ಬಂದು ನಮ್ಮ ಕಾರಿಗೆ ಬಡೀತು. ದೇವರು ದೊಡ್ಡವ, ಬೈಕಿನವಗ ಮೊಣಕಾಲಷ್ಟ ತರಚಿತ್ತು. ಆದರ "ಇಂವ ಹಾರ್ನೇ ಹೊಡೀಲಿಲ್ರಿ" ಅಂತ ಹಟ ಹಿಡದ. ನಮ್ಮ ಡ್ರೈವರ್ ಮಲ್ಲಪ್ಪನ ಲೈಸೆನ್ಸು ಪೊಲೀಸಪ್ಪನ ಕೈಗೆ ಹೋತು.

ಮಲ್ಲಪ್ಪ ನನ್ನ ಕಿವ್ಯಾಗ ಅಂದ, "ಬೇ, ಗಾಜಿಗೆ ಹಚ್ಚಿದ ಕ್ಯಾಮೆರಾದಾಗ ಎಲ್ಲಾ ಐತಿ. ಆದರ ಅದು ನಿಮ್ಮ ಮಾತೂ ಹಿಡದೈತಿ. ಬ್ಯಾಡಂದ್ರ ತೋರಸೂದಿಲ್ಲ."

ನನಗ ನಮ್ಮ ಒಡಪು ನೆನಪಾದ್ವು. "ದನಿ ಬಂದ್ ಮಾಡಿ ತೋರಸಪಾ."

"ಹಾರ್ನ್ ಕೇಳಬೇಕಲ್ಲ ಬೇ."

ಅವನ ಮಕ್ಕಳ ಅನ್ನ ಆ ಲೈಸೆನ್ಸಿನ್ಯಾಗ. "ಹಚ್ಚು" ಅಂದೆ.

ಮಲ್ಲಪ್ಪ ಕ್ಯಾಮೆರಾದಾಗಿಂದು ತನ್ನ ಮೊಬೈಲಿನ್ಯಾಗ ಹಚ್ಚಿದ, ಕೂಡಿದ ಗಂಡಸರೆಲ್ಲಾ ಅದಕ್ಕ ಬಗ್ಗಿದರು. ನನ್ನ ದನಿ ಖಣಿ ಖಣಿ ಬಂತು: "ಮಲಪ್ರಭಾ ಹರಿತಾಳ ಸಂಗಮದ ಕಡಿಗಿ, ಸಂಗಪ್ಪ ಗೊರಕಿ ಹೊಡದರ ನಡಗ್ತಾವ ಗಡಗಿ." ಅದರ ಬೆನ್ನಿಗೇ ಎರಡು ಸಲ ಹಾರ್ನ್!

ಬೈಕಿನವ ತಲಿ ತಗ್ಗಿಸಿದ. ಲೈಸೆನ್ಸು ತಿರುಗಿ ಬಂದದ್ದು ನೋಡಿ ನನಗ ಅಲ್ಲೇ ಕುಣೀಬೇಕನಿಸ್ತು.

"ಸಾಹೇಬ್ರ, ಇದು ಕೇಳ್ತೈತಿ ಅಂತ ಕಾರು ಹತ್ತೂ ಮೊದಲ ಹೇಳಬೇಕಂತ ಕಾಯ್ದೆ ಇಲ್ಲೇನ್ರಿ?"

"ಇರಬೇಕಿತ್ತು ಅನಸ್ತೈತಿ ನೋಡ್ರಿ ಅಮ್ಮಾ" ಅಂತ ಪೊಲೀಸಪ್ಪ ನಗು ತಡಕೊಂಡು ಪೆನ್ನು ತಗದ. "ನೀವು ಸಾಕ್ಷಿ. ಗಂಡನ ಹೆಸರು ಹೇಳ್ರಿ."

ನಾ ಸೆರಗು ಬಾಯಿಗೆ ಒತ್ತಿಕೊಂಡೆ. ಸುತ್ತ ನಿಂತ ಮಂದಿನೇ ಒಂದೇ ದನೀಲೆ ಬರಸಿತು.