ಫೋನಿನಲ್ಲಿ ಹೇಳದ ವಿಷಯ

ಗೌರಿಬಿದನೂರಿನ ಒಂದು ಬಟ್ಟೆ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷದಿಂದ ಸೀರೆ ತೋರಿಸುವ ಕೆಲಸದಲ್ಲಿದ್ದೇನೆ. ಹೋದ ವರ್ಷ ನಮ್ಮ ಸಾಹುಕಾರರು ಬೆಂಗಳೂರಿನಲ್ಲಿ ವ್ಯಾಪಾರಿಗಳ ತರಬೇತಿಯೊಂದನ್ನು ಮುಗಿಸಿ ಬಂದವರು ಬಹಳ ಹುರುಪಿನಲ್ಲಿದ್ದರು.

“ಗಿರಾಕಿಗೆ ಸರ್‌ಪ್ರೈಸ್ ಕೊಡ್ಬೇಕು ಕಣಮ್ಮ. ಅಂದ್ಕೊಂಡೇ ಇರ್ದಿದ್ದು ಸಿಕ್ಕಿದ್ರೆ ಜನ ಯಾವತ್ತೂ ಮರೆಯಲ್ಲ” ಎಂದರು.

ಹಳೆಯ ಗಿರಾಕಿಯೊಬ್ಬರನ್ನು ಕಾರಣ ಹೇಳದೆ ಕರೆಸಿ, ರೇಷ್ಮೆ ಸೀರೆಯೊಂದನ್ನು ಉಡುಗೊರೆ ಕೊಟ್ಟು, ಅವರ ಮುಖ ಅರಳುವುದನ್ನು ವಿಡಿಯೊ ಮಾಡಬೇಕಂತೆ. ಅದಕ್ಕೆ ನಗರಗೆರೆಯ ಅಂಗನವಾಡಿ ಟೀಚರ್ ಒಬ್ಬರನ್ನು ಆರಿಸಿದರು. ಹಿಂದಿನ ವಾರವಷ್ಟೇ ಅವರು ಮಗಳ ಸೀಮಂತಕ್ಕೆ ಸೀರೆ ಕೊಂಡುಹೋಗಿದ್ದರು.

ನನಗೆ ಇದಕ್ಕೆಲ್ಲ ಮನಸ್ಸಿರಲಿಲ್ಲ. ನಾನು ನೋಡಿಕೊಳ್ಳುವ ಕಪಾಟಿನಿಂದ ಹಸಿರು ಕ್ರೇಪ್ ಸೀರೆಯೊಂದು ಕಾಣೆಯಾಗಿತ್ತು. ನನ್ನನ್ನು ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಆದರೂ ಸಂಜೆ ಹೊರಡುವಾಗ ನಾನಾಗಿಯೇ ಬ್ಯಾಗು ತೆರೆದು ತೋರಿಸಿ ಹೋಗುತ್ತಿದ್ದೆ.

ಸಾಹುಕಾರರು ಹೇಳಿಕೊಟ್ಟಂತೆ ಫೋನ್ ಮಾಡಿದೆ. “ಅಕ್ಕ, ನಾಳೆ ಬೆಳಿಗ್ಗೆ ಅಂಗಡಿಗೆ ಬರ್ಬೇಕು. ವಿಷಯ ಫೋನಲ್ಲಿ ಹೇಳಕ್ಕಾಗಲ್ಲ.”

“ಬರ್ತೀನಮ್ಮ” ಎಂದು ಫೋನ್ ಇಟ್ಟುಬಿಟ್ಟರು.

ಮರುದಿನ ನಾವು ಬಾಗಿಲು ತೆಗೆಯುವ ಮೊದಲೇ ಅವರು ಮೆಟ್ಟಿಲ ಮೇಲೆ ಕೂತಿದ್ದರು. ಸಾಹುಕಾರರು ನಗುತ್ತ ಫೋನ್ ಹಿಡಿದು ನಿಂತರು. ಟೀಚರ್ ಚೀಲದಿಂದ ಹಸಿರು ಸೀರೆ ತೆಗೆದು ಕೌಂಟರಿನ ಮೇಲಿಟ್ಟು ಅಳತೊಡಗಿದರು.

“ದೇವುಡಾ, ನಾನು ಕದ್ದಿಲ್ಲಮ್ಮ! ಮನೇಲಿ ಬಿಚ್ಚಿ ನೋಡಿದ್ರೆ ಮಗಳ ಸೀರೆ ಮಡಿಕೆಯೊಳಗೆ ಇದೂ ಇತ್ತು. ವಾಪಸ್ ತಂದ್ರೆ ಕಳ್ಳಿ ಅಂತೀರೇನೋ ಅಂತ ಹೆದರ್ಕೊಂಡೆ.”

ಆ ಸೀರೆ ಕಟ್ಟಿಕೊಟ್ಟವಳು ನಾನೇ. ಮಡಚುವ ಅವಸರದಲ್ಲಿ ಎರಡನ್ನೂ ಸೇರಿಸಿಬಿಟ್ಟಿದ್ದೆ. ಎದೆಯ ಮೇಲಿನ ಕಲ್ಲು ಇಳಿದಿತ್ತು. “ನಂದೇ ತಪ್ಪು ಅಕ್ಕ” ಎನ್ನುತ್ತ ನಾನೂ ಅತ್ತೆ, ನಗುವೂ ಬಂತು.

ಸಾಹುಕಾರರು ಫೋನ್ ಜೇಬಿಗೆ ಹಾಕಿ, ತಾವೇ ನೀರು ತಂದುಕೊಟ್ಟರು. ಟೀಚರ್ ಕಣ್ಣೊರೆಸಿಕೊಂಡು ಕೇಳಿದರು: “ಹಾಗಾದ್ರೆ ಇದಕ್ಕಲ್ವಾ ಕರ್ದಿದ್ದು?”

ಉಡುಗೊರೆಯ ವಿಷಯ ಹೇಳಿದೆವು.

“ಅದನ್ನ ನಿನ್ನೇನೇ ಹೇಳಿದ್ರೆ ಎರಡು ತುತ್ತು ಅನ್ನ ತಿಂತಿದ್ನಲ್ಲಪ್ಪ!” ಎಂದರು. ಸಾಹುಕಾರರು ತಲೆ ತಗ್ಗಿಸಿದರು.

ಮನಸ್ಸಿನಲ್ಲಿ ಏನಾದರೂ ಅಳುಕಿದ್ದರೆ, ಕಾರಣ ಹೇಳದ ಕರೆ ಮೊದಲು ಅದನ್ನೇ ಕೆದಕುತ್ತದೆ. ಆ ವಾರ ಸಾಹುಕಾರರು ನನ್ನನ್ನು ಹಾಗೆ ಕರೆಸಿದ್ದರೆ ನಾನೂ ನಡುಗುತ್ತಲೇ ಹೋಗುತ್ತಿದ್ದೆ. ಈಗ ಯಾರಿಗೆ ಫೋನ್ ಮಾಡಿದರೂ “ಒಳ್ಳೇ ಸುದ್ದಿ ಅಕ್ಕ” ಎಂದೇ ಶುರುಮಾಡುತ್ತೇನೆ. ಏನು ಕೊಡುತ್ತೇವೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಅವತ್ತು ಟೀಚರ್ ಉಡುಗೊರೆಯ ರೇಷ್ಮೆ ಸೀರೆ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದರು. “ಈ ಬಣ್ಣ ನನಗೊಪ್ಪಲ್ಲ ಕಣಮ್ಮ, ಬೇರೆ ತೋರ್ಸು” ಎಂದರು. ಅರ್ಧ ಕಪಾಟು ಕೆಳಗಿಳಿಸಿದೆ. ಒಂದು ಗಂಟೆ ಕೂತು ಆರಿಸಿದರು.