ನೆರಳಿನ ಹೊಳಪು
ನಮ್ಮ ಬೀದಿಯ ಪಾಲಿಶಣ್ಣನಿಗೆ ಬಿಸಿಲೆಂದರೆ ಆಗದು. ಅವನು ಮೆಷಿನ್ ಹಿಡಿದು ಉಜ್ಜಿದ ಕಾರು ಶೆಡ್ಡಿನೊಳಗೆ ಕನ್ನಡಿ. ಬಿಸಿಲಿಗೆ ಬಂತೋ, ಮೈತುಂಬ ಜೇಡರಬಲೆಯಂಥ ಸುತ್ತುಗೀರು. “ಏನಯ್ಯಾ ಇದು?” ಎಂದು ಕಾರಿನವರು ಕೇಳಿದರೆ, “ಅದು ಸೂರ್ಯನ ತಪ್ಪು ಸಾರ್, ಗಾಡಿ ನೆರಳಲ್ಲಿ ನಿಲ್ಸಿ” ಎನ್ನುತ್ತಾನೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಇವನಿಗೆ ಆಕಾಶವೇ ಡೊಂಕು. ಮೆತ್ತನೆಯ ಪ್ಯಾಡು, ನಯವಾದ ಪಾಲಿಶು ಹಾಕಿ ಇನ್ನೊಮ್ಮೆ ನಿಧಾನವಾಗಿ ತಿಕ್ಕಿದರೆ ಗೀರು ಹೋಗುತ್ತದೆಂದು ಅವನಿಗೂ ಗೊತ್ತು. ನಾನು ಹೇಳಿದರೆ, “ಅಷ್ಟು ಪುರುಸೊತ್ತು ಯಾರಿಗಿದೆ ಅಕ್ಕಾ?” ಎನ್ನುತ್ತಾನೆ. ಒಂದು ಗಾಡಿಗೆ ಮಾತ್ರ ಪುರುಸೊತ್ತುಂಟು: ಹೆಣ ಒಯ್ಯುವ ಕಪ್ಪು ವ್ಯಾನಿಗೆ. ಅದನ್ನು ನಡುಬಿಸಿಲಲ್ಲೇ ನಿಲ್ಲಿಸಿಕೊಂಡು ಒಂದೊಂದೇ ಗೀರು ಹುಡುಕಿ ಅಳಿಸುತ್ತಾನೆ. “ಅದರ ಗಿರಾಕಿ ದೂರು ಹೇಳಲ್ಲವಲ್ಲಪ್ಪಾ” ಎಂದು ಕೆಣಕಿದೆ. ಅವನು ಬಟ್ಟೆಯಲ್ಲಿ ಉಜ್ಜುವುದನ್ನು ನಿಲ್ಲಿಸಲಿಲ್ಲ. “ನಾನೇ ಉಜ್ಜಿದ್ದ ಈ ಗಾಡೀಲೇ ಅಮ್ಮನ್ನ ಕಳಿಸಿದ್ದು ಅಕ್ಕಾ. ಅವತ್ತು ಒಳ್ಳೇ ಬಿಸಿಲು.”